‘ಇಲ್ಲ’ವೆನ್ನುವವನ ಋಣ

ಗುಂಡ್ಲುಪೇಟೆಯನ್ನು ಬಿಟ್ಟು ಸುಲ್ತಾನ್ ಬತ್ತೇರಿಯ ಕಡೆಗೆ ಹೊರಟ ಲಾರಿಯೊಂದು ರಾತ್ರಿ ಒಂಬತ್ತು ಗಂಟೆ ಕಳೆದ ಮೇಲೆ ಕಾಡಿನ ಅಂಚಿನ ಚೆಕ್‌ಪೋಸ್ಟನ್ನು ಮುಟ್ಟಿದರೆ ಅದು ಅಲ್ಲಿಂದ ಮುಂದಕ್ಕೆ ಹೋಗುವಂತಿಲ್ಲ. ಬಂಡೀಪುರದ ಅರಣ್ಯವನ್ನು ಹಾದುಹೋಗುವ ಹೆದ್ದಾರಿಯಲ್ಲಿ ರಾತ್ರಿ ೯ರಿಂದ ಬೆಳಗಿನ ೬ರವರೆಗೆ ವಾಹನಸಂಚಾರವು ೨೦೦೯ರಿಂದ ನಿಷಿದ್ಧವಾಗಿದೆ. ೨೦೧೦ರಲ್ಲಿ ರಾಜ್ಯದ ಹೈಕೋರ್ಟು ಈ ನಿಷೇಧವನ್ನು ಎತ್ತಿಹಿಡಿಯಿತು. ತರಕಾರಿ ತುಂಬಿಕೊಂಡು ಬಂದವನಿಗೆ ಇದು ಹಿತವಾದ ಸುದ್ದಿಯಲ್ಲ. ಒಂದು ರಾತ್ರಿಯ ತಡವೆಂದರೆ ಅವನಿಗೆ ನಷ್ಟವೇ. ಆದರೂ ನಾಲ್ಕು ಸಂಗತಿಗಳು ಅವನಿಗೆ ಗೊತ್ತಾಗಿರುತ್ತವೆ. ತಡೆದದ್ದು ಯಾವುದನ್ನು: ವಾಹನವನ್ನು. ತಡೆದದ್ದು ಏತಕ್ಕೆ: ಕತ್ತಲೆಯಲ್ಲಿ ರಸ್ತೆ ದಾಟುವ ಆನೆ ಜಿಂಕೆಗಳು ಚಕ್ರಕ್ಕೆ ಸಿಕ್ಕಿ ಸಾಯಬಾರದೆಂದು. ಎಷ್ಟು ಹೊತ್ತು: ಬೆಳಗಾಗುವವರೆಗೆ. ಅಷ್ಟು ಹೊತ್ತು ಕಾಯಲಾರದವನಿಗೆ ಬೇರೆ ದಾರಿ ಯಾವುದು: ಹುಣಸೂರು, ಗೋಣಿಕೊಪ್ಪ, ಕುಟ್ಟಗಳ ಮೇಲಿನ ಬಳಸುದಾರಿ. ಈ ನಿಷೇಧವನ್ನು ಅವನು ಒಪ್ಪಬಹುದು, ಒಪ್ಪದಿರಬಹುದು. ಅದರ ಮೇಲೆ ವಾದ ಹೂಡಲೂಬಹುದು. ಆದರೆ ಅವನನ್ನು ಯಾರೂ ಕತ್ತಲೆಯಲ್ಲಿಟ್ಟಿಲ್ಲ. ಬಾಗಿಲು ಮುಚ್ಚಿತಾದರೂ ಅವನ ವಿವೇಕಕ್ಕೆ ಕೆಲಸ ಉಳಿದಿದೆ.

‘ಇಲ್ಲ’ವೆಂಬ ಮಾತಿಲ್ಲದೆ ಲೋಕವ್ಯವಹಾರ ಸಾಗದು. ತಾಯಿ ಮಗುವಿಗೆ ಇಲ್ಲವೆನ್ನುತ್ತಾಳೆ, ವೈದ್ಯನು ರೋಗಿಗೆ, ವರ್ತಕನು ಗಿರಾಕಿಗೆ, ಸರಕಾರವು ಪ್ರಜೆಗೆ. ಇಲ್ಲವೆನ್ನುವ ಅಧಿಕಾರ ಯಾರಿಗುಂಟು, ಯಾವಾಗ ಉಂಟು ಎಂಬುದನ್ನು ಕುರಿತು ನಮ್ಮ ಹಿರಿಯರು ಬೇಕಾದಷ್ಟು ವಿಚಾರ ಮಾಡಿದ್ದಾರೆ. ನಾನಿಲ್ಲಿ ಎತ್ತಬೇಕೆಂದಿರುವುದು ಅದರ ಪಕ್ಕದ ಪ್ರಶ್ನೆ. ಇಲ್ಲವೆನ್ನುವುದು ನ್ಯಾಯವಾಗಿಯೇ ಇರಲಿ. ಹಾಗೆ ಹೇಳಿದ ಮೇಲೆ ಹೇಳಿದವನ ಹೊಣೆ ಅಲ್ಲಿಗೆ ಮುಗಿಯಿತೆ? ಇಲ್ಲವೆನಿಸಿಕೊಂಡವನಿಗೆ ಅವನು ಇನ್ನೇನಾದರೂ ಸಲ್ಲಿಸಬೇಕಾದ ಋಣವುಂಟೆ? ಈ ಪ್ರಶ್ನೆಗೆ ಹಳೆಯ ಉದಾಹರಣೆಗಳು ಹೇರಳವಾಗಿವೆ. ಆದರೆ ನನ್ನನ್ನು ಇದರ ಕಡೆಗೆ ತಿರುಗಿಸಿದ್ದು ತೀರ ಹೊಸದೊಂದು ವಸ್ತು: ಗಣಕಯಂತ್ರದ ಕರಿಯ ತೆರೆಯ ಮೇಲೆ ಮೂಡುವ ದೋಷಸೂಚನೆ.

ನನ್ನ ತಂಗಿಯ ಮಗಳೊಬ್ಬಳು ಚಾಮರಾಜನಗರದಲ್ಲಿ ಓದುತ್ತಿದ್ದಾಳೆ. ಕಂಪ್ಯೂಟರ್ ವಿದ್ಯೆಯಲ್ಲಿ ಅವಳಿಗೆ ಆಸೆ. ಯಾರೋ ಬಳಸಿ ಬಿಟ್ಟ ಯಂತ್ರವೊಂದನ್ನು ಕಡಮೆ ಬೆಲೆಗೆ ಕೊಂಡು, ಅದರಲ್ಲಿ ಲಿನಕ್ಸ್ ವ್ಯವಸ್ಥೆಯನ್ನು ಹಾಕಿಸಿಕೊಂಡಿದ್ದಳು. ಕಮ್ಯಾಂಡ್ ಲೈನ್ ಎಂಬುದು ಚಿತ್ರಗಳಿಲ್ಲದ, ಗುಂಡಿಗಳಿಲ್ಲದ ಕ್ರಮ. ಆಜ್ಞೆಯನ್ನು ಅಕ್ಷರಗಳಲ್ಲಿ ಬರೆಯಬೇಕು. ಉತ್ತರವೂ ಅಕ್ಷರಗಳಲ್ಲಿಯೇ ಬರುತ್ತದೆ. ಗೆಳತಿಯೊಬ್ಬಳು ಕೊಟ್ಟ ಪ್ರೋಗ್ರಾಮೊಂದನ್ನು ನಡೆಸಲು ಇವಳು ಅದರ ಹೆಸರನ್ನು ಬರೆದಳು. ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’, ಅಂದರೆ ಅಂತಹ ಫೈಲಾಗಲಿ ಡೈರೆಕ್ಟರಿಯಾಗಲಿ ಇಲ್ಲವೆಂದು ಉತ್ತರ ಬಂದಿತು. ಫೈಲುಗಳ ಪಟ್ಟಿಯನ್ನು ಕೇಳಿದಳು. ಫೈಲು ಅಲ್ಲಿಯೇ ಇತ್ತು. ಮತ್ತೆ ಹೆಸರು ಬರೆದಳು, ಮತ್ತೆ ಇಲ್ಲವೆಂದಿತು. ಹೆಸರನ್ನು ಬದಲಾಯಿಸಿದಳು, ಬೇರೆ ಕಡೆ ಇಟ್ಟಳು, ಗೆಳತಿಯಿಂದ ಮೂರು ಸಲ ಹೊಸದಾಗಿ ತಂದಳು. ಎರಡು ಸಂಜೆಗಳು ಹೀಗೆ ಕಳೆದುವು. “ಇದೆಯಲ್ಲ ಮಾವ, ಇಲ್ಲೇ ಇದೆ. ಆದರೂ ಇಲ್ಲ ಅನ್ನುತ್ತಲ್ಲ!” ಎಂದು ನನಗೆ ತೋರಿಸಿದಳು. ಆಮೇಲೆ ಮೆಲ್ಲಗೆ, “ಇದು ನನ್ನ ತಲೆಗೆ ಹತ್ತೋದಿಲ್ಲ ಅಂತ ಕಾಣುತ್ತೆ” ಎಂದಳು. ಯಂತ್ರವು ತಪ್ಪು ಹೇಳುತ್ತಿದೆಯೆಂದು ಅವಳು ಹೇಳಲಿಲ್ಲ. ತಾನು ದಡ್ಡಿಯೆಂದು ತೀರ್ಮಾನಿಸಿದಳು. ಈ ಲೇಖನದ ಮೂಲವೆಲ್ಲ ಆ ಒಂದು ಮಾತಿನಲ್ಲಿದೆ.

ನಡೆದದ್ದೇನೆಂಬುದನ್ನು ಸ್ವಲ್ಪ ವಿವರಿಸಬೇಕು. ಈ ಯಂತ್ರಗಳೊಳಗೆ ಕರ್ನೆಲ್ ಎಂಬ ಮೂಲವ್ಯವಸ್ಥೆಯೊಂದಿದೆ. ಯಾವ ಫೈಲನ್ನು ತೆರೆಯಬೇಕಾದರೂ ಯಾವ ಪ್ರೋಗ್ರಾಮನ್ನು ನಡೆಸಬೇಕಾದರೂ ಅದರ ಅಪ್ಪಣೆಯಾಗಬೇಕು. ಬಳಸುವವನು ಅದರೊಡನೆ ನೇರವಾಗಿ ಮಾತನಾಡುವುದಿಲ್ಲ. ನಡುವೆ ಷೆಲ್ ಎಂಬ ಮಧ್ಯಸ್ಥನಿರುತ್ತಾನೆ. ಗೆಳತಿ ಕೊಟ್ಟ ಪ್ರೋಗ್ರಾಮು ೩೨ ಬಿಟ್ಟಿನ ಹಳೆಯ ವ್ಯವಸ್ಥೆಗಾಗಿ ಸಿದ್ಧವಾದದ್ದು. ಇವಳ ವ್ಯವಸ್ಥೆ ೬೪ ಬಿಟ್ಟಿನದು. ಅಂತಹ ಪ್ರೋಗ್ರಾಮು ತಾನಾಗಿಯೇ ಎದ್ದು ನಡೆಯಲಾರದು. ತನ್ನನ್ನು ಎತ್ತಿ ನಿಲ್ಲಿಸತಕ್ಕ ಸಹಾಯಕ ಫೈಲೊಂದರ ಹೆಸರನ್ನು ತನ್ನೊಳಗೇ ಬರೆದುಕೊಂಡಿರುತ್ತದೆ. ಆ ಸಹಾಯಕನು ಇವಳ ಯಂತ್ರದಲ್ಲಿ ಇರಲಿಲ್ಲ. ‘ಇಲ್ಲ’ವೆಂದದ್ದು ಅದನ್ನು ಕುರಿತು. ಆದರೆ ಕರ್ನೆಲ್ ತನ್ನ ಕಾರಣವನ್ನು ವಾಕ್ಯವಾಗಿ ಹೇಳುವುದಿಲ್ಲ, ಅಂಕೆಯಾಗಿ ಹೇಳುತ್ತದೆ. ಬೇಕಾದ ಫೈಲು ದೊರೆಯದಿದ್ದರೆ ೨ ಎಂಬ ಅಂಕೆ. ಯಾವ ಫೈಲೆಂಬುದು ಆ ಅಂಕೆಯೊಳಗೆ ಹಿಡಿಸಲಾರದು. ಷೆಲ್ ಆ ೨ನ್ನು ತೆಗೆದುಕೊಂಡು, ಪಟ್ಟಿಯೊಂದರಲ್ಲಿ ಅದರ ಎದುರಿಗೆ ಬರೆದಿದ್ದ ಇಂಗ್ಲಿಷ್ ವಾಕ್ಯವನ್ನು ಹುಡುಕಿ, ಅದಕ್ಕೆ ಹುಡುಗಿ ತಾನೇ ಬರೆದಿದ್ದ ಹೆಸರನ್ನು ಜೋಡಿಸಿ ತೆರೆಯ ಮೇಲೆ ಹಾಕಿತು.

ಇಲ್ಲಿ ಸುಳ್ಳು ಹೇಳಿದವರು ಯಾರು? ಕರ್ನೆಲ್ ಹೇಳಿದ ಅಂಕೆ ನಿಜ. ಪಟ್ಟಿಯಲ್ಲಿದ್ದ ವಾಕ್ಯ ಆ ಅಂಕೆಗೆ ಸರಿಯಾದ ಅರ್ಥ. ಹುಡುಗಿ ಆ ಹೆಸರನ್ನು ಬರೆದಿದ್ದಳೆಂಬುದೂ ನಿಜ. ಮೂರು ನಿಜಗಳು ಸೇರಿ ಕೇಳುವವಳಿಗೆ ಒಂದು ಸುಳ್ಳಾಗಿ ಪರಿಣಮಿಸಿದುವು. ಇಂತಹ ಅನುಭವವು ಗಣಕಯಂತ್ರವನ್ನು ಮುಟ್ಟದವರಿಗೂ ಹೊಸದಲ್ಲ. ಕಚೇರಿಯೊಂದಕ್ಕೆ ಹೋದವನಿಗೆ ಒಬ್ಬ ಗುಮಾಸ್ತನು “ನನ್ನ ಮೇಜಿನಲ್ಲಿ ನಿಮ್ಮ ಕಾಗದವಿಲ್ಲ” ಎನ್ನುತ್ತಾನೆ; ಮತ್ತೊಬ್ಬನು “ನನಗೆ ಇನ್ನೂ ಬಂದಿಲ್ಲ” ಎನ್ನುತ್ತಾನೆ; ಮೂರನೆಯವನು “ಬಾರದ ಕಾಗದಕ್ಕೆ ಉತ್ತರವಿಲ್ಲ” ಎನ್ನುತ್ತಾನೆ. ಮೂವರೂ ಸತ್ಯವಂತರೇ, ಆದರೆ ಮನೆಗೆ ಹಿಂತಿರುಗಿದವನು ತನ್ನ ಅರ್ಜಿ ಕಳೆದುಹೋಯಿತೆಂದು ತಿಳಿದಿರುತ್ತಾನೆ. ಪ್ರತಿಯೊಬ್ಬನೂ ತನ್ನ ಪಾಲಿನ ಸತ್ಯವನ್ನು ಹೇಳಿ ಕೈತೊಳೆದುಕೊಳ್ಳುವುದಾದರೆ, ಕೇಳುವವನಿಗೆ ತಲಪುವ ಒಟ್ಟು ಮಾತಿಗೆ ಹೊಣೆಯಾಗುವವರು ಯಾರು? ನುಡಿದ ಮಾತು ವಸ್ತುವಿಗೆ ಅನುಗುಣವಾಗಿದ್ದರೆ ಸಾಲದು. ಕೇಳುವವನಲ್ಲಿ ಅದು ಯಾವ ತಿಳಿವಳಿಕೆಯನ್ನು ಹುಟ್ಟಿಸುತ್ತದೆಂಬುದನ್ನೂ ನೋಡಿಕೊಳ್ಳುವುದು ಸತ್ಯದ ಭಾಗವೇ ಆಗಿದೆಯೆಂದು ನನಗೆ ತೋರುತ್ತದೆ.

ಪದಗಳು ಸೇರಿ ವಾಕ್ಯಾರ್ಥವಾಗುವುದಕ್ಕೆ ನಮ್ಮ ಶಾಸ್ತ್ರಕಾರರು ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರನ್ನು ಹೇಳುತ್ತಾರೆ. ಒಂದು ಪದ ಮತ್ತೊಂದನ್ನು ಬಯಸುವುದು ಆಕಾಂಕ್ಷೆ. ಅವೆರಡರ ಅರ್ಥಗಳು ಪರಸ್ಪರ ಹೊಂದುವುದು ಯೋಗ್ಯತೆ. ಅವು ಬಳಿಬಳಿಯಲ್ಲಿಯೇ ನುಡಿಯಲ್ಪಡುವುದು ಸನ್ನಿಧಿ. ಇವನ್ನು ವಾಕ್ಯದಿಂದಾಚೆಗೆ ಸಂವಾದಕ್ಕೂ ಸ್ವಲ್ಪ ಎಳೆದು ನೋಡೋಣ. ‘ಇಲ್ಲ’ವೆಂದಾಗ ಕೇಳುವವನಲ್ಲಿ ‘ಏನು ಇಲ್ಲ, ಏಕೆ ಇಲ್ಲ, ಇನ್ನೇನು ಮಾಡಲಿ’ ಎಂಬ ಆಕಾಂಕ್ಷೆ ತಾನಾಗಿ ಏಳುತ್ತದೆ. ಉತ್ತರವು ಅಲ್ಲಿಗೇ ನಿಂತುಬಿಟ್ಟರೆ ವಾಕ್ಯವು ವ್ಯಾಕರಣದಲ್ಲಿ ಮುಗಿದಿದ್ದರೂ ಮನುಷ್ಯನಲ್ಲಿ ಮುಗಿದಿಲ್ಲ. ಇಲ್ಲದ ಸಹಾಯಕನ ವಿಷಯವನ್ನು ಇರುವ ಫೈಲಿನ ಹೆಸರಿಗೆ ಕಟ್ಟುವುದು ಯೋಗ್ಯತೆಯ ಲೋಪ. ಇನ್ನು ಸನ್ನಿಧಿಯ ಲೋಪಕ್ಕೆ ಒಂದು ಪ್ರಸಿದ್ಧ ಕಥೆಯೇ ಇದೆ.

ಯೂನಿಕ್ಸ್ ವ್ಯವಸ್ಥೆಯ ದೋಷಪಟ್ಟಿಯಲ್ಲಿ ೨೫ನೆಯದಕ್ಕೆ ಹಿಂದೆ ‘ನಾಟ್ ಎ ಟೈಪ್‌ರೈಟರ್’, ಎಂದರೆ ‘ಇದು ಟೈಪ್‌ರೈಟರ್ ಅಲ್ಲ’ ಎಂಬ ವಾಕ್ಯವಿತ್ತು. ತಾನು ಬರೆಯುತ್ತಿರುವುದು ಮನುಷ್ಯನೆದುರಿನ ಟೈಪ್‌ರೈಟರಿಗೋ ಬರಿಯ ಫೈಲಿಗೋ ಎಂದು ಪ್ರೋಗ್ರಾಮು ಒಳಗೊಳಗೇ ವಿಚಾರಿಸಿಕೊಳ್ಳುವಾಗ ಬರುತ್ತಿದ್ದ ಉತ್ತರ ಅದು, ಹೊರಗಿನವರಿಗೆ ಸಂಬಂಧಿಸಿದ್ದಲ್ಲ. ಆದರೆ ಆ ಅಂಕೆಯನ್ನು ಅಳಿಸದೆ ಹಾಗೆಯೇ ಬಿಟ್ಟಿದ್ದು, ಆಮೇಲೆ ಬೇರೆ ಯಾವುದೋ ಕಾರಣದಿಂದ ಕೆಲಸ ಕೆಟ್ಟಾಗ ಆ ಹಳೆಯ ಅಂಕೆಯೇ ಹೊರಕ್ಕೆ ಬರುತ್ತಿತ್ತು. ಹೀಗೆ ಕಾಗದ ಕಳುಹಿಸಲು ಹೋಗಿ ವಿಳಾಸದಲ್ಲಿ ತಪ್ಪಿದವನಿಗೆ ‘ಇದು ಟೈಪ್‌ರೈಟರ್ ಅಲ್ಲ’ವೆಂಬ ಉತ್ತರ! ನಿನ್ನೆಯ ಕೋಪವನ್ನು ಇಂದಿನ ಪ್ರಶ್ನೆಗೆ ಉತ್ತರವಾಗಿ ಕೊಡುವ ಮನೆಯ ಹಿರಿಯನ ಹಾಗೆ. ಇಂದಿನ ಲಿನಕ್ಸಿನಲ್ಲಿ ಈ ವಾಕ್ಯವನ್ನು ತಿದ್ದಿದ್ದಾರೆ. ಹೊಸದು ಹೆಚ್ಚು ಕರಾರುವಾಕ್ಕಾಗಿದೆ. ಆದರೆ ಅದರಲ್ಲಿರುವುದು ಬರಿಯ ಪಾರಿಭಾಷಿಕ ಪದವಾದ್ದರಿಂದ ಮೊದಲು ನಗುತ್ತಿದ್ದವನು ಈಗ ನಗಲೂ ಆರ. ಕರಾರುವಾಕ್ಕಾದದ್ದೆಲ್ಲ ಸ್ಪಷ್ಟವಾಗಿರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ಈ ಮಿತಭಾಷೆಯ ಮೂಲವನ್ನು ಹುಡುಕುತ್ತ ಹೋದರೆ ಅಲ್ಲಿ ದುರುದ್ದೇಶವೇನೂ ಕಾಣುವುದಿಲ್ಲ. ೧೯೬೯ರ ಸುಮಾರಿಗೆ ಅಮೆರಿಕಾದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಎಂಬವರು ಯೂನಿಕ್ಸಿಗಾಗಿ ‘ಎಡ್’ ಎಂಬ ಬರವಣಿಗೆಯ ಸಾಧನವೊಂದನ್ನು ರಚಿಸಿದರು. ಅದರಲ್ಲಿ ಏನೇ ತಪ್ಪಾಗಲಿ, ಬರುತ್ತಿದ್ದ ಉತ್ತರ ಒಂದೇ: ಪ್ರಶ್ನಾರ್ಥಕ ಚಿಹ್ನೆ. ಅಂದಿನ ಟೆಲಿಟೈಪ್ ಯಂತ್ರವು ಸೆಕೆಂಡಿಗೆ ಹತ್ತು ಅಕ್ಷರಗಳನ್ನು ಮಾತ್ರ ಹೊಡೆಯುತ್ತಿತ್ತು. ನಾಲ್ವತ್ತು ಅಕ್ಷರಗಳ ವಾಕ್ಯವೊಂದಕ್ಕೆ ನಾಲ್ಕು ಸೆಕೆಂಡು ಕಾದು ಕುಳಿತುಕೊಳ್ಳಬೇಕು. ಯಂತ್ರದ ನೆನಪಿನ ಸ್ಥಳವೂ ಬಲು ಕಿರಿದು. ಬಳಸುತ್ತಿದ್ದವರೋ ಪಕ್ಕದ ಕೋಣೆಯಲ್ಲಿಯೇ ಇದ್ದ ನಿಪುಣರು. ಅಲ್ಲಿ ಆ ಒಂದು ಚಿಹ್ನೆ ಸಾಕಾಗಿತ್ತು. ಥಾಂಪ್ಸನ್ನರು ಕಾರೊಂದನ್ನು ಮಾಡಿದರೆ ಅದರಲ್ಲಿ ವೇಗ ತೋರಿಸುವ ಮುಳ್ಳೂ ಇರದು, ಎಣ್ಣೆ ತೋರಿಸುವ ಮುಳ್ಳೂ ಇರದು. ಏನೇ ಕೆಟ್ಟರೂ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ ಬೆಳಗುವುದಷ್ಟೇ, ಪಳಗಿದ ಚಾಲಕನಿಗೆ ಅಷ್ಟರಿಂದಲೇ ತಿಳಿಯುವುದು ಎಂದು ಒಂದು ಹಾಸ್ಯವೂ ಹಬ್ಬಿತ್ತು. ಆಮೇಲೆ ಆ ಸಾಧನದಲ್ಲಿ, ಹಿಂದಿನ ತಪ್ಪೇನೆಂದು ಕೇಳುವುದಕ್ಕೆ ಒಂದು ಅಕ್ಷರದ ಆಜ್ಞೆಯೂ ಬಂದಿತು. ಆದರೆ ಹಾಗೆ ಕೇಳಬಹುದೆಂದು ತಿಳಿದವನಿಗೆ ಮಾತ್ರ ಉತ್ತರ. ತಿಳಿಯದವನಿಗೆ ಅದೇ ಚಿಹ್ನೆ.

ಸ್ಥಳವೂ ಕಾಲವೂ ಕಿರಿದಾಗಿದ್ದಾಗ ಹುಟ್ಟಿದ ನಡೆಯು ಅವೆರಡೂ ಯಥೇಚ್ಛವಾಗಿ ಒದಗಿದ ಮೇಲೂ ಉಳಿದುಬಿಟ್ಟಿತು. ಬಡತನದಲ್ಲಿ ಕಲಿತ ಮಿತವ್ಯಯವು ಸಿರಿ ಬಂದಮೇಲೆ ಜಿಪುಣತನವಾದಂತೆ. ಈ ವ್ಯವಸ್ಥೆಯಲ್ಲಿ ಕೆಲಸ ಕೈಗೂಡಿದರೆ ಪ್ರೋಗ್ರಾಮು ಒಪ್ಪಿಸತಕ್ಕ ಅಂಕೆ ಸೊನ್ನೆ. ಕೆಟ್ಟರೆ ೧ರಿಂದ ೨೫೫ರವರೆಗೆ ಯಾವುದಾದರೊಂದು. ಯಶಸ್ಸಿಗೆ ವಿವರಣೆ ಬೇಡ, ಅಪಯಶಸ್ಸಿಗೆ ಬೇಕು ಎಂಬ ವಿವೇಕ ಆ ಏರ್ಪಾಡಿನಲ್ಲಿಯೇ ಇದೆ. ಇಷ್ಟು ಮನೆಗಳನ್ನು ತೆರವಾಗಿಟ್ಟಿದ್ದರೂ ಬಹುಪಾಲು ಪ್ರೋಗ್ರಾಮುಗಳು ಯಾವ ಕಾರಣದಿಂದ ಕೆಟ್ಟರೂ ೧ನ್ನೇ ಒಪ್ಪಿಸಿ ಸುಮ್ಮನಾಗುತ್ತವೆ.

ಕಾರಣ ತಿಳಿಯದ ನಿರಾಕರಣೆಯಿಂದ ಆಗುವ ಕೇಡು ಕಾಲಹರಣವೊಂದೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಮನಸ್ಸು ಕಾರಣವಿಲ್ಲದೆ ಇರಲಾರದು. ಹೊರಗಿನಿಂದ ಕೊಡದಿದ್ದರೆ ಅದು ತಾನೇ ಒಂದನ್ನು ಕಟ್ಟಿಕೊಳ್ಳುತ್ತದೆ. ನಮ್ಮ ಚಾಮರಾಜನಗರವೇ ಇದರ ಪೆಟ್ಟನ್ನು ತಿಂದಿದೆ. ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿಯು ಅಧಿಕಾರ ಕಳೆದುಕೊಳ್ಳುವನೆಂಬ ಮಾತು ಬಹುಕಾಲ ಹಬ್ಬಿತ್ತು. ಅಧಿಕಾರ ಹೋಗುವುದಕ್ಕೆ ಪಕ್ಷದ ಒಡಕು, ಚುನಾವಣೆಯ ಸೋಲು ಮೊದಲಾದ ಕಾರಣಗಳು ನೂರು; ಅವು ಕಣ್ಣಿಗೆ ಕಾಣದಂತಿರುವಾಗ ಹತ್ತಿರದಲ್ಲಿ ಕಂಡ ಊರಿನ ಮೇಲೆ ಗೂಬೆ ಕೂರಿತು. ೨೦೧೩ರಲ್ಲಿ ಮುಖ್ಯಮಂತ್ರಿಗಳಾದ ಸಿದ್ದರಾಮಯ್ಯನವರು ಇಲ್ಲಿಗೆ ಮತ್ತೆ ಮತ್ತೆ ಬಂದು, ೨೦೧೮ರವರೆಗೆ ತಮ್ಮ ಅವಧಿಯನ್ನು ಪೂರ್ತಿಮಾಡಿದರು. ಆದರೆ ಅದುವರೆಗೆ ಊರು ಹೊತ್ತ ಅಪವಾದ ಸಣ್ಣದಲ್ಲ. ಕರಿಯ ತೆರೆಯ ಮುಂದೆ ಕುಳಿತವರಲ್ಲಿಯೂ ಇಂತಹ ನಂಬಿಕೆಗಳು ಬೆಳೆಯುತ್ತವೆ. ಒಬ್ಬನು ಯಂತ್ರವನ್ನು ಆರಿಸಿ ಹೊತ್ತಿಸುತ್ತಾನೆ. ಒಬ್ಬನು ಅದೇ ಆಜ್ಞೆಯನ್ನು ಮೂರು ಸಲ ಬರೆಯುತ್ತಾನೆ. ಒಂದು ಸಲ ಹಾಗೆ ಮಾಡಿದಾಗ ಸರಿಹೋಗಿತ್ತು, ಆದ್ದರಿಂದ ಯಾವಾಗಲೂ ಹಾಗೆಯೇ. ನನ್ನ ಸೋದರಸೊಸೆ ಹುಡುಕಿಕೊಂಡ ಕಾರಣವೂ ಇಂತಹದೇ, ಎಲ್ಲಕ್ಕಿಂತ ಹತ್ತಿರದಲ್ಲಿದ್ದದ್ದು: ತನ್ನ ತಲೆ.

ಮೂಢನಂಬಿಕೆಗಿಂತ ಕೆಟ್ಟದ್ದು ಬಲಪ್ರಯೋಗ. ಲಿನಕ್ಸಿನಲ್ಲಿ ಯಜಮಾನನ ಸರ್ವಾಧಿಕಾರವನ್ನು ಕ್ಷಣಕಾಲ ಎರವಲು ಪಡೆಯುವುದಕ್ಕೆ ‘ಸುಡೊ’ ಎಂಬ ಆಜ್ಞೆಯಿದೆ. ಫೈಲೊಂದನ್ನು ಎಲ್ಲರೂ ಓದಲು, ತಿದ್ದಲು, ನಡೆಸಲು ತೆರೆದಿಡುವುದಕ್ಕೆ ೭೭೭ ಎಂಬ ಅಂಕೆಯಿದೆ. ‘ಅಪ್ಪಣೆಯಿಲ್ಲ’ವೆಂದಷ್ಟೇ ಕೇಳಿದವನು, ಏಕೆ ಇಲ್ಲವೆಂದು ತಿಳಿಯದೆ, ಈ ಎರಡರಲ್ಲೊಂದನ್ನು ಹಿಡಿಯುತ್ತಾನೆ. ಬೀಗದ ಕೈ ಯಾರ ಹತ್ತಿರವಿದೆಯೆಂದು ಹೇಳದಿದ್ದರೆ ಜನರು ಬಾಗಿಲನ್ನು ಒಡೆಯಲು ಕಲಿಯುತ್ತಾರೆ. ಹಾಗೆ ಒಡೆದ ಬಾಗಿಲಿನಿಂದ ಕಳ್ಳನು ಬಂದರೆ ತಪ್ಪು ಒಡೆದವನದು ಮಾತ್ರವೆ?

ಇಲ್ಲಿ ಪೂರ್ವಪಕ್ಷದವರ ಮಾತುಗಳನ್ನೂ ಕೇಳಬೇಕು. ಇವು ಕುಶಲರ ಉಪಕರಣಗಳು. ಬಡಗಿಯ ಉಳಿ ಮಗುವಿಗೆ ಪಾಠ ಹೇಳುವುದಿಲ್ಲವೆಂದು ಕೆಲವರ ಆಕ್ಷೇಪ. ಉಳಿಯು ಏನನ್ನೂ ಹೇಳುವುದಿಲ್ಲವೆಂಬುದು ದಿಟ. ಆದ್ದರಿಂದಲೇ ಅದು ತಪ್ಪನ್ನೂ ಹೇಳುವುದಿಲ್ಲ. ಮಾತನಾಡಲು ತೊಡಗಿದ ಮೇಲೆ ಮಾತಿನ ಧರ್ಮ ಬಂದೇ ಬರುತ್ತದೆ. ಅಲ್ಲದೆ ಕುಶಲನೂ ಒಂದು ದಿನ ಕಲಿಯುವವನಾಗಿದ್ದನು; ನಾಳೆ ತನಗೆ ಪರಿಚಯವಿಲ್ಲದ ಉಪಕರಣದ ಮುಂದೆ ಮತ್ತೆ ಹಾಗೆಯೇ ಕುಳಿತುಕೊಳ್ಳುವನು.

ಎಲ್ಲ ಕಾರಣಗಳನ್ನೂ ಎಲ್ಲರಿಗೂ ಹೇಳಲಾಗದೆಂಬುದು ಎರಡನೆಯ ಆಕ್ಷೇಪ. ಇದರಲ್ಲಿ ತಥ್ಯವಿದೆ. ಹೆಸರನ್ನೂ ಗುಟ್ಟಿನ ಪದವನ್ನೂ ಕೊಟ್ಟು ಒಳಹೋಗುವ ಕಡೆ, ಅವೆರಡರಲ್ಲಿ ಯಾವುದು ತಪ್ಪೆಂದು ಯಂತ್ರವು ಬೇಕೆಂದೇ ಹೇಳುವುದಿಲ್ಲ. ಹೇಳಿದರೆ ಕಳ್ಳನ ಕೆಲಸ ಅರ್ಧ ಮುಗಿದಂತೆ. ಆದ್ದರಿಂದ ಕಾರಣವನ್ನು ಹೇಳಬೇಕೆಂಬುದು ನಿರಪವಾದವಾದ ನಿಯಮವಲ್ಲ. ಆದರೆ ಕಾರಣವನ್ನು ಬಚ್ಚಿಡುವುದು ಬೇರೆ, ದಾರಿಯನ್ನು ಬಚ್ಚಿಡುವುದು ಬೇರೆ. ‘ಕಾರಣವನ್ನು ಹೇಳುವಂತಿಲ್ಲ, ಪದವನ್ನು ಮರೆತಿದ್ದರೆ ಇಂತಹ ಕಡೆ ವಿಚಾರಿಸಿ’ ಎಂದು ಹೇಳುವುದರಿಂದ ಯಾವ ಗುಟ್ಟೂ ರಟ್ಟಾಗುವುದಿಲ್ಲ. ಮೌನಕ್ಕೆ ಕಾರಣವಿರುವಾಗಲೂ ಮೌನದಾಚೆಗೆ ಒಂದು ಮೆಟ್ಟಿಲು ತೋರಿಸಬಹುದು.

ಕಷ್ಟಪಟ್ಟು ಕಲಿತದ್ದೇ ವಿದ್ಯೆ, ಎಲ್ಲವನ್ನೂ ಬಾಯಿಗಿಟ್ಟರೆ ಶಿಷ್ಯನು ಸೋಮಾರಿಯಾಗುವನು ಎಂಬುದು ಮೂರನೆಯದು. ಗುರುಗಳು ಕೆಲವು ವೇಳೆ ಉತ್ತರವನ್ನು ತಡೆದಿಟ್ಟುಕೊಳ್ಳುವುದುಂಟು. ಆದರೆ ಅವರು ಶಿಷ್ಯನ ಮುಖವನ್ನು ನೋಡುತ್ತ ಹಾಗೆ ಮಾಡುತ್ತಾರೆ. ಅವನು ಕುಗ್ಗಿದನೆಂದು ಕಂಡ ಕೂಡಲೆ ಕೈಕೊಡುತ್ತಾರೆ. ದೋಷಸೂಚನೆಯನ್ನು ಬರೆದವನು ಎಲ್ಲೋ ದೂರದಲ್ಲಿದ್ದಾನೆ. ಓದುವವಳ ಮುಖವನ್ನು ಅವನು ಎಂದಿಗೂ ನೋಡುವುದಿಲ್ಲ. ಮೇಲಾಗಿ ವಿಷಯದೊಡನೆ ಹೆಣಗುವ ಕಷ್ಟ ಬೇರೆ, ವಿಷಯವನ್ನು ಮರೆಮಾಡಿದ ಮಾತಿನೊಡನೆ ಹೆಣಗುವ ಕಷ್ಟ ಬೇರೆ. ಮೊದಲನೆಯದರಿಂದ ವಿದ್ಯೆ ಬರುತ್ತದೆ. ಎರಡು ಸಂಜೆ ಇರುವ ಫೈಲನ್ನೇ ಹುಡುಕಿದ್ದರಿಂದ ನಮ್ಮ ಹುಡುಗಿಗೆ ಬಂದ ವಿದ್ಯೆ ಯಾವುದು?

ಇದೆಲ್ಲ ಇಂಗ್ಲಿಷಿನಿಂದ ಬಂದ ತೊಂದರೆ, ಕನ್ನಡದಲ್ಲಿದ್ದರೆ ಸರಿಹೋಗುತ್ತಿತ್ತೆಂದು ಕನ್ನಡಾಭಿಮಾನಿಗಳು ಹೇಳಬಹುದು. ಆ ಅಭಿಮಾನ ನನಗೂ ಇದೆ. ಯೂನಿಕೋಡ್ ಎಂಬ ಲೋಕದ ಲಿಪಿಗಳ ಪಟ್ಟಿಯಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ಸಿಕ್ಕಿದೆ. ಹಾಗಿದ್ದೂ, ಕನ್ನಡದಲ್ಲಿ ಹೆಸರಿಟ್ಟ ಫೈಲನ್ನು ಗಿಟ್ ಎಂಬ ಪ್ರಸಿದ್ಧ ಸಾಧನದ ವಶಕ್ಕೆ ಕೊಟ್ಟು ಅದರ ಸ್ಥಿತಿಯನ್ನು ಕೇಳಿದರೆ, ನಾವಾಗಿ ಬೇರೆ ಏರ್ಪಾಡು ಮಾಡದ ಹೊರತು, ‘ಕ’ ಎಂಬ ಒಂದಕ್ಷರದ ಬದಲು ೩೪೦, ೨೬೨, ೨೨೫ ಎಂಬ ಮೂರು ಅಂಕೆಗಳು ಕಾಣುತ್ತವೆ. ಒಂದೊಂದು ಅಕ್ಷರಕ್ಕೂ ಒಂದೇ ಅಳತೆಯ ಚೌಕವೆಂಬ ಲೆಕ್ಕದಲ್ಲಿ ಕಟ್ಟಿದ ತೆರೆಗಳಲ್ಲಿ ನಮ್ಮ ಒತ್ತಕ್ಷರಗಳು ಚೆದರುವುದೂ ಉಂಟು. ತನ್ನ ನುಡಿಯನ್ನು ಅಂಕೆಯಾಗಿ ಕಂಡವನಿಗೆ ತಾನು ಇಲ್ಲಿ ಅತಿಥಿಯೇ ಹೊರತು ಮನೆಯವನಲ್ಲವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಭಾಷಾಂತರವೊಂದೇ ಮದ್ದಲ್ಲ. ‘ಅಂತಹ ಫೈಲು ಇಲ್ಲ’ವೆಂದು ಅಚ್ಚಗನ್ನಡದಲ್ಲಿ ಹೇಳಿದ್ದರೂ ಹುಡುಗಿ ಅದೇ ಫೈಲನ್ನೇ ಹುಡುಕುತ್ತಿದ್ದಳು. ಮಾತಿನಲ್ಲಿ ಇಲ್ಲದ ಕಾರಣವು ಭಾಷಾಂತರದಲ್ಲಿ ಹುಟ್ಟಲಾರದು.

ಇದನ್ನು ಓದುಬಲ್ಲ ಕೆಲವರ ಸಂಕಟವೆಂದು ತಳ್ಳಿಹಾಕುವಂತೆಯೂ ಇಲ್ಲ. ಇಂದು ಪಡಿತರದ ಅಂಗಡಿಯಲ್ಲಿ ಅಕ್ಕಿ ಪಡೆಯುವುದಕ್ಕೂ ಯಂತ್ರದ ಮೇಲೆ ಬೆರಳಿಡಬೇಕು. ಆಧಾರ್ ವ್ಯವಸ್ಥೆಯ ದೋಷಪಟ್ಟಿಯಲ್ಲಿ ೩೦೦ ಎಂದರೆ ಬೆರಳಚ್ಚು ಮೊದಲಾದ ದೇಹದ ಗುರುತುಗಳು ಹೊಂದಲಿಲ್ಲವೆಂದರ್ಥ. ಮುಪ್ಪಿನಿಂದಲೋ ಕಲ್ಲುಮಣ್ಣಿನ ಕೆಲಸದಿಂದಲೋ ಬೆರಳ ಗೆರೆ ಸವೆದವರಿಗೆ ಈ ಉತ್ತರ ಬರುವುದುಂಟು. ‘ಗೆರೆ ಸವೆದಿರಬಹುದು, ಬೇರೆ ಬೆರಳನ್ನಿಟ್ಟು ನೋಡಿ’ ಎಂಬುದಕ್ಕೂ ‘ನಿನ್ನದು ಬರುತ್ತಿಲ್ಲ, ಹೋಗು’ ಎಂಬುದಕ್ಕೂ ನಡುವೆ ಒಂದು ತಿಂಗಳ ಅಕ್ಕಿಯೇ ಇದೆ. ಜೀವಮಾನವೆಲ್ಲ ದುಡಿದು ಗೆರೆ ಕಳೆದುಕೊಂಡ ಮುದುಕಿ ತನ್ನ ಬೆರಳೇ ತಪ್ಪುಮಾಡಿತೆಂಬಂತೆ ಅದನ್ನು ಸೆರಗಿನಲ್ಲಿ ಒರಸಿಕೊಳ್ಳುತ್ತಾಳೆ.

ತಿದ್ದಿಕೊಳ್ಳುವುದು ಅಸಾಧ್ಯವೇನೂ ಅಲ್ಲ. ೨೦೧೨ರಲ್ಲಿ ಹುಟ್ಟಿದ ಎಲ್ಮ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕರ್ತರು ೨೦೧೫ರಲ್ಲಿ ತಮ್ಮ ದೋಷಸೂಚನೆಗಳನ್ನೆಲ್ಲ ಮನುಷ್ಯನು ಮನುಷ್ಯನೊಡನೆ ಮಾತನಾಡುವಂತೆ ಹೊಸದಾಗಿ ಬರೆದರು. ಅದರಿಂದ ಸ್ಫೂರ್ತಿಪಡೆದ ರಸ್ಟ್ ಭಾಷೆಯವರು ೨೦೧೬ರಲ್ಲಿ ಅದೇ ದಾರಿ ಹಿಡಿದರು. ಅಲ್ಲಿ ತಪ್ಪಾದ ಪಂಕ್ತಿಯನ್ನೇ ಎತ್ತಿ ತೋರಿಸಿ, ತಾನು ನಿರೀಕ್ಷಿಸಿದ್ದು ಇದು, ಕಂಡದ್ದು ಇದು, ಹೀಗೆ ಮಾಡಿ ನೋಡಬಹುದು ಎಂದು ಹೇಳುತ್ತದೆ. ಅಲ್ಲಿಯೂ ದೋಷಗಳಿಗೆ ಅಂಕೆಗಳುಂಟು. ಆದರೆ ಅವು ವಿವರಣೆಯ ಬದಲಿಗೆ ಬಂದವಲ್ಲ, ಇನ್ನೂ ದೀರ್ಘವಾದ ವಿವರಣೆಯನ್ನು ತೆರೆಯುವ ಬೀಗದ ಕೈಗಳು. ನಮ್ಮ ಹುಡುಗಿಯನ್ನು ಕಾಡಿದ ವಾಕ್ಯವನ್ನೂ ಬ್ಯಾಷ್ ಎಂಬ ಷೆಲ್ಲಿನ ೨೦೨೨ರ ಆವ್ರತ್ತಿಯಲ್ಲಿ ಬದಲಾಯಿಸಿದ್ದಾರೆ; ಇದನ್ನು ನಡೆಸಲಾಗದು, ಅಗತ್ಯವಾದ ಫೈಲು ದೊರೆಯಲಿಲ್ಲವೆಂದು ಈಗ ಅದು ಹೇಳುತ್ತದೆ. ಅವಳ ಹಳೆಯ ಯಂತ್ರದಲ್ಲಿದ್ದದ್ದು ಹಿಂದಿನ ಆವೃತ್ತಿ. ಹೊಸದೂ ಯಾವ ಫೈಲೆಂಬುದನ್ನು ಹೇಳುವುದಿಲ್ಲ. ಆದರೂ ಇರುವುದನ್ನು ಇಲ್ಲವೆನ್ನುವುದು ನಿಂತಿತಲ್ಲ. ಅಷ್ಟರಮಟ್ಟಿಗೆ ಋಣ ತೀರಿದಂತೆ.

ಋಣವೆಂದು ನಾನು ಕರೆದದ್ದು ಇಷ್ಟನ್ನೇ. ಏನು ನಿಂತಿತೆಂಬುದನ್ನು ಅದರದೇ ಹೆಸರಿನಿಂದ ಹೇಳಬೇಕು. ಕಾರಣ ತಿಳಿದಿದ್ದು ಹೇಳಲು ಅಡ್ಡಿಯಿಲ್ಲದಿದ್ದರೆ ಅದನ್ನು ಹೇಳಬೇಕು. ಮುಂದಿನ ಒಂದು ಹೆಜ್ಜೆಯನ್ನಾದರೂ ತೋರಿಸಬೇಕು. ಯಾರ ತಪ್ಪೆಂದು ಗೊತ್ತಿಲ್ಲದಾಗ ಕೇಳುವವನ ತಲೆಗೆ ಅದನ್ನು ಕಟ್ಟಬಾರದು. ಚೆಕ್‌ಪೋಸ್ಟಿನ ಕಾವಲುಗಾರನು ದಿನವೂ ಸಲ್ಲಿಸುವ ಋಣ ಇದು; ವಿದ್ವಾಂಸರು ರಚಿಸಿದ ಯಂತ್ರಕ್ಕೆ ಅದು ಭಾರವಾಗಬಾರದು.

ಕಡೆಗೆ ಆ ಸಹಾಯಕ ಫೈಲನ್ನು ಹಾಕಿದೆವು, ಪ್ರೋಗ್ರಾಮು ನಡೆಯಿತು. ಕೆಲವು ತಿಂಗಳ ಮೇಲೆ ಅವಳು ತನ್ನ ತಂದೆಗಾಗಿ ಒಂದು ಚಿಕ್ಕ ಲೆಕ್ಕದ ಪ್ರೋಗ್ರಾಮನ್ನು ತಾನೇ ಬರೆದಳು. ನಮ್ಮ ಭಾವ ಗುಂಡ್ಲುಪೇಟೆಯ ಹತ್ತಿರ ಚೆಂಡುಹೂ ಬೆಳೆಯುತ್ತಾರೆ. ದಿನದಿನದ ತೂಕವನ್ನು ಬರೆದರೆ ಹಣದ ಲೆಕ್ಕ ಬರುವ ಹಾಗೆ ಏರ್ಪಾಡು. ಭಾವ ಮೊದಲ ದಿನವೇ ೧೨ ಎಂದು ಬರೆಯುವುದರ ಬದಲು ‘ಹನ್ನೆರಡು ಕಿಲೊ’ ಎಂದು ಬರೆದರು. ತೆರೆಯ ಮೇಲೆ ‘ತಪ್ಪು’ ಎಂದು ಬಂದಿತು. ಅವರು ಕನ್ನಡಕವನ್ನು ತೆಗೆದು ಒರಸಿ ಮತ್ತೆ ಅದನ್ನೇ ಬರೆದರು, ಮತ್ತೆ ‘ತಪ್ಪು’. “ನನಗೆ ಇದೆಲ್ಲ ಆಗೋದಿಲ್ಲಮ್ಮ, ನೀನೇ ಬರಕೊ” ಎಂದು ಎದ್ದರು. ಹುಡುಗಿ ಒಂದು ಗಳಿಗೆ ಸುಮ್ಮನೆ ನಿಂತಿದ್ದು ನನ್ನ ಕಡೆಗೆ ನೋಡಿದಳು. ಆ ನುಡಿಯ ಪೆಟ್ಟನ್ನು ತಿಂದವಳೇ ಅದೇ ನುಡಿಯನ್ನು ಬರೆದಿದ್ದಳು. ಅದರಲ್ಲಿ ಕ್ರೌರ್ಯವೇನೂ ಇರಲಿಲ್ಲ. ಬರೆಯುವಾಗ ಲೆಕ್ಕ ಸರಿಬರುವುದನ್ನು ಯೋಚಿಸಿದ್ದಳೇ ಹೊರತು, ಸರಿಬಾರದ ದಿನ ಯಾರು ಎದುರಿಗೆ ಕುಳಿತಿರುವರೆಂಬುದನ್ನು ಯೋಚಿಸಿರಲಿಲ್ಲ. ಆ ರಾತ್ರಿ ಅವಳು ಅದನ್ನು ತಿದ್ದಿದಳು. ಈಗ ಅಲ್ಲಿ ಹೀಗೆ ಬರುತ್ತದೆ: ‘ನೀವು ಬರೆದದ್ದು: ಹನ್ನೆರಡು ಕಿಲೊ. ಇದನ್ನು ಕೂಡಲು ನನಗೆ ಬರುವುದಿಲ್ಲ. ತೂಕವನ್ನು ಅಂಕೆಯಲ್ಲಿ ಮಾತ್ರ ಬರೆಯಿರಿ, ಉದಾಹರಣೆಗೆ ೧೨.’ ಭಾವ ಅದನ್ನು ಓದಿ, ‘ಕಿಲೊ’ ಎಂಬುದನ್ನು ಅಳಿಸಿ, ಅಂಕೆಯನ್ನು ಬರೆದರು. ಲೆಕ್ಕ ಬಂದಿತು.